ಚಿಲ್ಲರೆ

ಹಿಟ್ಟಿನ ಗಿರಣಿ ಮೇಲಿನ ರೂಮು, ಅದಕ್ಕೇ ಬಾಡಿಗೆ ಕಮ್ಮಿ.
ಕತ್ತರಿಗುಪ್ಪೆಯಲ್ಲಿ ಹತ್ತು ಗಂಟೆಗೆ ಬೆಲ್ಟು ತಿರುಗಿತೆಂದರೆ
ನನ್ನ ನೆಲ ಶ್ರುತಿ ಹಿಡಿಯುತ್ತದೆ,
ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ.
ರಾಗಿ ಸುರಿದಾಗ ಕೊಂಚ ಇಳಿಯುತ್ತದೆ.
ಕೀಬೋರ್ಡಿನ ಗುಂಡಿ ಅದುಮಿ ನಾನೂ ಅಲ್ಲಿಗೇ ಇಳಿದೆ.
ಗಿರಣಿಯ ಜೊತೆ ಜಗಳವಾಡಿ ಗೆದ್ದವರು ಯಾರು?

ಬೋರ್ಡು ಬರೆಯಲು ಬಂದ ಜಬೀವುಲ್ಲಾ
ಏಣಿಯ ಮೇಲಿಂದಲೇ ಕೇಳಿದ:
"ಮೇಡಂ, ಇದು ಪಾಠದ ಕ್ಲಾಸಾ, ಆಸ್ಪತ್ರೆನಾ?
ವೀಣೆ ಬಿಡಿಸ್ಲಾ, ಪ್ಲಸ್ಸು ಬಿಡಿಸ್ಲಾ?"
ಬರೀ ಅಕ್ಷರ ಸಾಕು ಅಂದೆ.
'ಸಂಗೀತ ಚಿಕಿತ್ಸೆ'. ಕೊನೆಗೆ ಗೋಡೆ ಸಾಲದೆ
'ತ್ಸೆ'ಯ ಒತ್ತು ಕಿಟಕಿಯ ಸರಳಿಗೆ ತಾಗಿತು.

ಮೊದಲ ತಿಂಗಳು
ಜೂನಿಯರ್ ಪರೀಕ್ಷೆಗೆ ಕಟ್ಟಿಸ್ತೀರಾ ಎಂದು ಮೂವರು ತಾಯಂದಿರು,
ಯಾವ ರಾಗಕ್ಕೆ ಶುಗರ್ ಇಳಿಯುತ್ತೆ ಎಂದು ಒಬ್ಬ ಮಾಜಿ ತಹಸೀಲ್ದಾರರು.
ಗೋಧಿ ಡಬ್ಬ ಹಿಡಿದು ದಾರಿ ತಪ್ಪಿ ಹತ್ತಿ ಬಂದವರೇ ಹೆಚ್ಚು.
ಅಚ್ಚು ಹಾಕಿಸಿದ ಇನ್ನೂರು ಕಾರ್ಡು
ಇನ್ನೂರೇ ಇತ್ತು.

ಎದುರುಮನೆ ಚಾರ್ವಿ, ಬಿಕಾಂ ಎರಡನೇ ವರ್ಷ,
ನನ್ನ ಪೇಜು ನೋಡಿಕೊಳ್ಳುವವಳು, ಹೇಳಿಕೊಟ್ಟಳು:
"ಅಕ್ಕಾ, ಮುಂಚೆ ಹೇಗಿದ್ರು, ಆಮೇಲೆ ಹೇಗಾದ್ರು, ಅಷ್ಟೇ ಹಾಕಿ.
ನಲವತ್ತು ಸೆಕೆಂಡು.
ಅಳು ಇದ್ರೆ ಇನ್ನೂ ಓಡುತ್ತೆ."

ಆಮೇಲೆ ಮುನಿಯಲ್ಲಪ್ಪ ಬಂದರು.
ಮೂವತ್ತೊಂದು ವರ್ಷ ಕಂಡಕ್ಟರು.
ಲಕ್ವ ಹೊಡೆದು ಬಲಗೈ ಹೋಗಿ, ಮಾತೂ ಹೋಗಿ
ಉಳಿದದ್ದು 'ಅದೂ... ಅದೂ...'
ಫೋನನ್ನು ಕಪಾಟಿನ ಮೇಲೆ ನಿಲ್ಲಿಸಿದೆ.
ಅವರ ಹೆಂಡತಿ ಅಕ್ಕಯ್ಯಮ್ಮ ಅದನ್ನು ನೋಡಿ, ಏನೂ ಅನ್ನದೆ,
ಸೆರಗಿನ ತುದಿಯಿಂದ ಗಂಡನ ಓರೆ ಬಾಯಿ ಒರೆಸಿದರು,
ಒಮ್ಮೆ ಒರೆಸಿ, ಮತ್ತೆ ಒರೆಸಿ, ಕಾಲರು ಸರಿಮಾಡಿದರು.
ನಾನು ಫೋನು ಮಗುಚಿ ಇಟ್ಟೆ.

ಎಡಗೈ ತೊಡೆಯ ಮೇಲೆ ತಟ್ಟಿಸುತ್ತ
ಎರಡೇ ಸ್ವರ, ಒಂದು ಮೇಲೆ, ಒಂದು ಕೆಳಗೆ:
ನೀ-ರು. ಊ-ಟ. ಬೇ-ಕು.
ಐದು ವಾರ ಏನೂ ಇಲ್ಲ.
ಆರನೆಯ ವಾರ ಕೆಳಗೆ ರಾಗಿ ಬೀಳುವ ಹೊತ್ತಿಗೆ
ನಾನು ಕಲಿಸದ ಸ್ವರದಲ್ಲಿ, ಮೂಗಿನಿಂದ,
"ಹನ್ಮಂತ್-ನಗ್ರಾ... ಆಶ್ರ-ಮಾ... ಉಮಾ ಟಾಕೀಸ್... ಮಾರ್ಕೆ-ಟ್"
ಒಂದು ಸ್ಟಾಪೂ ತಪ್ಪದೆ ಮೆಜೆಸ್ಟಿಕ್ಕಿಗೆ ಹೋಗಿ ನಿಂತರು.
ಅಕ್ಕಯ್ಯಮ್ಮ ನಕ್ಕರು, ಆಮೇಲೆ ಗೋಡೆ ಕಡೆ ತಿರುಗಿದರು.

"ರೆಕಾರ್ಡ್ ಆಯ್ತಾ ಅಕ್ಕಾ?" ಚಾರ್ವಿಯ ಮೆಸೇಜು ರಾತ್ರಿ.
ಇಲ್ಲ ಎಂದು ಬರೆದು, ಪೇಜಿಗೆ ನಾನೇ ಹಾಕಿದೆ:
'ಗಿರಣಿ ಮೇಲೆ, ಎರಡನೇ ಮಹಡಿ.
ರಾಗ ಕೇಳಿದರೆ ಶುಗರ್ ಇಳಿಯುವುದಿಲ್ಲ.
ಮಾತು ಹೋದವರಿದ್ದರೆ ಕರೆತನ್ನಿ.
ತಿಂಗಳುಗಟ್ಟಲೆ ಹಿಡಿಯುತ್ತದೆ, ಬಾರದೆಯೂ ಇರಬಹುದು.
ಬಟ್ಟೆಗೆ ಹಿಟ್ಟಾದರೆ ಮನ್ನಿಸಿ.'
ನಲವತ್ತೊಂದು ಜನ ನೋಡಿದರು.
ಮೂವರು ಫೋನು ಮಾಡಿದರು, ಅದರಲ್ಲೊಬ್ಬರಿಗೆ ಗೋಧಿ ಬೀಸುವ ದರ ಬೇಕಿತ್ತು.

ಮುಂದಿನ ಗುರುವಾರ ಐನೂರರ ನೋಟು. ಫೀಸು ನಾನೂರು.
ನನ್ನಲ್ಲಿ ನೂರಿರಲಿಲ್ಲ.
ಮುನಿಯಲ್ಲಪ್ಪ ತೊಡೆ ತಟ್ಟಿದರು,
"ಚಿಲ್-ರೆ?"
ಅರ್ಧ ಬಾಯಲ್ಲಿ ಅಷ್ಟು ಜೋರು ನಗು ನಾನು ನೋಡಿರಲಿಲ್ಲ.
ಮೇಜಿನಿಂದ ನನ್ನ ಕಾರ್ಡೊಂದು ಎಳೆದುಕೊಂಡು, ಬೆನ್ನು ತಿರುವಿ,
ಎಡಗೈಯಲ್ಲಿ ಸೊಟ್ಟಗೆ ನೂರು ಎಂದು ಬರೆದು
ಸುತ್ತ ಒಂದು ಸೊನ್ನೆ ಎಳೆದು
ತಮ್ಮ ಜೇಬಿಗೇ ಇಳಿಸಿದರು.

ನೂರಾ ತೊಂಬತ್ತೊಂಬತ್ತು.
ಮೆಟ್ಟಿಲ ತಿರುವಿನಲ್ಲಿ, ಗಿರಣಿಯ ಶ್ರುತಿಯಲ್ಲೇ,
"ರೈ...ಟ್" ಅಂದದ್ದು ಕೇಳಿಸಿತು.