ಮೂರನೆಯ ಚುಕ್ಕಿ

ಮಂಡಕಳ್ಳಿಯಿಂದ ಬೆಳಿಗ್ಗೆ ಆರೂಕಾಲಿಗೆ ಎದ್ದ ಪುಟ್ಟ ವಿಮಾನದ
ಹೊಟ್ಟೆಗೆ ನಾವು ಕಟ್ಟಿದ್ದ ಆಂಟೆನಾ
ಊಟದ ಮಣೆಯಷ್ಟುದ್ದ, ಅಷ್ಟೆ.
ಹಾರುತ್ತ ಹಾರುತ್ತ ಅದು ಬೆಳೆಯುತ್ತದೆ:
ಇಲ್ಲಿ ಕೇಳಿದ್ದನ್ನು ಅಲ್ಲಿ ಕೇಳಿದ್ದಕ್ಕೆ ಹೊಲಿದು,
ಒಂದೊಂದು ಮಾರ್ದನಿಯನ್ನೂ ನೆನಪಿಟ್ಟು
ಅರ್ಧ ಫರ್ಲಾಂಗಿನ ಕಣ್ಣಾಗುತ್ತದೆ.
ಇಲ್ಲದ ಕಣ್ಣು. ಲೆಕ್ಕದ ಕಣ್ಣು.
ಮಂಜಿರಲಿ, ಇರುಳಿರಲಿ, ಆಲೆಮನೆಯ ಹೊಗೆಯಿರಲಿ,
ಅದು ರೆಪ್ಪೆ ಬಡಿಯುವುದಿಲ್ಲ.

ಕಣ್ಣು ಸರಿಯಿದೆಯೇ ನೋಡಲು ನೆಲದ ಮೇಲೆ ಗುರುತು ಬೇಕಲ್ಲ.
ಮಂಡಿ ಮೊಹಲ್ಲಾದ ತಗಡಿನ ಗೌಸ್ ಪೀರ್ ಸಾಬರ ಹತ್ತಿರ
ಮೂರು ಮೂಲೆಗನ್ನಡಿ ಮಾಡಿಸಿದೆವು.
ಮೂರು ಮುಕ್ಕೋನೆ ಹಾಳೆ, ಒಂದಕ್ಕೊಂದು ತೊಂಬತ್ತು ಡಿಗ್ರಿ;
ಕೊಂಚ ವಾರೆಯಾದರೂ
ಬಂದ ಅಲೆ ಬಂದ ದಾರಿಗೆ ಮರಳದು.
"ನೀರೂ ನಿಲ್ಲಲ್ಲ, ಮುಚ್ಚಳಾನೂ ಇಲ್ಲ,
ಇದಕ್ಕೆ ಏನಂತಾರೆ ಸಾರ್?" ಎಂದಿದ್ದರು ಸಾಬರು
ಸುತ್ತಿಗೆ ಕೆಳಗಿಡದೆ.
ಬಿಲ್ಲಿನಲ್ಲಿ ಬರೆದದ್ದು: ಮೊರ, ದೊಡ್ಡದು, ಮೂರು.

ಒಂದು ಪಾಂಡವಪುರದಾಚೆಯ ಬೋಳು ದಿಣ್ಣೆಗೆ,
ಒಂದು ವಿ.ಸಿ. ನಾಲೆಯ ಏರಿಗೆ,
ಇನ್ನೊಂದು ಚಿಕ್ಕತಾಯಮ್ಮನ ಕಣಕ್ಕೆ.

ಹನ್ನೊಂದನೇ ಹಾರಾಟದ ಚಿತ್ರ ಬಂತು.
ನಾಲೆ ಕಪ್ಪು. ಅಲುಗದ ನೀರು ಯಾವಾಗಲೂ ಕಪ್ಪು,
ಕೇಳಿದ್ದನ್ನು ಆಚೆಗೆ ಜಾರಿಸಿಬಿಡುತ್ತದೆ.
ಕಬ್ಬು, ಕಂಬಳಿಯ ಮೇಲೆ ಪುರಿ ಚೆಲ್ಲಿದ ಹಾಗೆ.
ಮೈಸೂರಿನ ಪ್ಯಾಸೆಂಜರ್ ರೈಲು ಹಳಿ ಬಿಟ್ಟು
ಗದ್ದೆಯೊಳಗೆ ಓಡುತ್ತಿತ್ತು!
ಹೊಸ ಹುಡುಗಿ ಇಂಚರಾ ಬೆಚ್ಚಿ ಎದ್ದಳು.
ಕೂತ್ಕೋ, ಏನೂ ಆಗಿಲ್ಲ ಎಂದೆ,
ನಮ್ಮ ಕಣ್ಣಿಗೆ ನಡೆಯುವುದೆಲ್ಲ ಜರುಗಿ ಕಾಣುತ್ತದೆ,
ನಿಂತದ್ದಷ್ಟೇ ನಿಂತಲ್ಲಿ.

ಹೊಳೆಯಂಚಿಗೆ ಹೋದ ತಿಂಗಳು ಇಲ್ಲದ ನಾಲ್ಕು ಕುಣಿ.
ಮರಳಿನ ಟ್ರಾಕ್ಟರು, ಚಲಿಸುತ್ತಿತ್ತಲ್ಲ,
ನೀರಿನ ನಡುಮಧ್ಯೆ ಹೊಳೆಯುತ್ತಿತ್ತು.
ಅದನ್ನು ಯಾರೂ ಕೇಳಿರಲಿಲ್ಲ. ಕಡತಕ್ಕೆ ಹಾಕಿದೆವು.

ದಿಣ್ಣೆಯ ಚುಕ್ಕಿ, ಸರಿ. ಏರಿಯ ಚುಕ್ಕಿ, ಸರಿ.
ಮೂರನೆಯದು ಇಲ್ಲ.

ಹದಿನಾರು ದಿನ ಹುಡುಕಿದೆವು.
ಗಾಳಿ ನೂಕಿದ್ದನ್ನು ಮತ್ತೆ ಮತ್ತೆ ಕಳೆದು ನೋಡಿದೆವು,
ಗಡಿಯಾರವನ್ನು ಅನುಮಾನಿಸಿದೆವು,
ರೆಕ್ಕೆ ವಾಲಿಸಿದೆಯಾ ಎಂದು ಪೈಲಟ್ ಬೋಪಯ್ಯನನ್ನು ಕೇಳಿ
ಎರಡು ದಿನದ ಮೌನ ಕಟ್ಟಿಕೊಂಡೆವು.
ಇಂಚರಾ ತಪ್ಪಾಗಿ ಕೂತಿದ್ದ ಒಂದು ಮೈನಸ್ ಹಿಡಿದಳು.
ತಿದ್ದಿದ್ದೇ ನಾಲೆಯ ಅಂಚು ಬ್ಲೇಡಿನಷ್ಟು ಹರಿತ,
ತೂಬಿನ ಬಾಗಿಲೂ ಬಂತು,
ಚುಕ್ಕಿ ಬರಲಿಲ್ಲ.

ಕಣಕ್ಕೇ ಹೋಗಿ ನೋಡೋಣವೆಂದು ಯಾರಿಗೂ ಹೊಳೆದಿರಲಿಲ್ಲ.
ಹದಿನೇಳನೇ ದಿನ ಬೈಕು ಹತ್ತಿದೆ.

ಸಾಬರ ಮೊರ ಬೋರಲಾಗಿತ್ತು, ಗುಡಿಸಲ ಹಾಗೆ.
ಆತುಕೊಂಡು ಎರಡು ಕಲ್ಲು. ಒಳಗೆ ಚಿಯ್ಯೋ ಚಿಯ್ಯೋ.
"ಹದ್ದು ಬತ್ತದೆ ಕನಪ್ಪಾ," ಅಂದಳು ಚಿಕ್ಕತಾಯಮ್ಮ,
"ಒಂಬತ್ ಮರಿ ಇದ್ವು, ಈಗ ಆರವೆ.
ನಿಮ್ ತಗಡು ಸುಮ್ಕೆ ಮ್ಯಾಕೆ ಬಾಯ್ ಬಿಟ್ಕಂಡ್ ಕುಂತಿತ್ತು.
ಕವುಚಿ ಮಡಗ್ದೆ."

ತಲೆಯೆತ್ತಿದೆ. ಇತ್ತು.
ರೆಕ್ಕೆ ಅಲುಗಿಸದೆ ಒಂದೇ ಸುತ್ತು ಸುತ್ತುತ್ತಿತ್ತು,
ನಮ್ಮ ಬೋಪಯ್ಯನಿಗಿಂತ ನಯವಾಗಿ.

"ಅಲ್ಲಿಂದ ನಾನೂ ಕಾಣ್ತೀನಾ?"
ಇಲ್ಲ ಅಂದೆ. ಅದು ಈ ವರ್ಷದ ಮಾತು.
ಇನ್ನಷ್ಟು ಸೂಕ್ಷ್ಮ ಮಾಡಿದರೆ, ನೀನು ಅಲುಗದೆ ನಿಂತರೆ,
ಎಂದೂ ಸೇರಿಸಬೇಕಿತ್ತು.
ಮುಂದಿನ ಕಂತಿನ ಹಣ ಕೊಡುವವರ ಕಾಗದದಲ್ಲಿ
ನಿಗಾ ಎಂಬ ಪದ ಏಳು ಸಲ ಇದೆ,
ಬೆಳೆ ಒಂದು ಸಲ. ಎಣಿಸಿದ್ದೇನೆ.
ಅಷ್ಟರಲ್ಲಿ ಅವಳು ಮಜ್ಜಿಗೆ ತರಲು ಒಳಗೆ ಹೋಗಿದ್ದಳು.

ತಗಡು ಎತ್ತಲಿಲ್ಲ.
ಗಾಳಿಯಾಡಲೆಂದು ಒಂದು ಕಲ್ಲು ಬೆರಳಷ್ಟು ಸರಿಸಿದೆ.
ಲಾಗ್ ಪುಸ್ತಕದಲ್ಲಿ ಬರೆದೆ:
ಮೂರನೆಯದು ಬಳಕೆಯಲ್ಲಿದೆ.

ಏರಿ ದಾಟಿದ ಮೇಲೆ ಸಾಬರಿಗೆ ಫೋನು,
ಇನ್ನೊಂದು ಬೇಕು, ಅದೇ ಅಳತೆ.
ಸುತ್ತಿಗೆಯ ಸದ್ದು ಒಂದು ಗಳಿಗೆ ನಿಂತಿತು.
"ಈ ಸಲಾನಾದ್ರೂ ಮುಚ್ಚಳ ಮಾಡ್ಲಾ ಸಾರ್?"