‘ಸುಲಭ’ ಎಂದು ಬರೆಯಲು ಹೋದದ್ದು

ಕಾಂಟ್ರಾಕ್ಟು ಇಷ್ಟೇ: ಬರಪೊಳೆಯ ದಂಡೆಗುಂಟ ಮೂರು ಕಿಲೋಮೀಟರು,
ಆರ್ನೂರು ಮೀಟರಿಗೊಂದರಂತೆ ಐದು ಬೋರ್ಡು,
ಹಸಿರು ತಗಡಿನ ಮೇಲೆ ಬಿಳಿ ಅಕ್ಷರ:
‘ಸುಲಭ ದಾರಿ. ಮಕ್ಕಳೂ ಹಿರಿಯರೂ ನಡೆಯಬಹುದು.’
ಕೆಳಗೊಂದು ಬಾಣ. ಬಾಣಕ್ಕೆ ಬೇರೆ ದುಡ್ಡಿಲ್ಲ.
ಮರಕ್ಕೆ ಮೊಳೆ ಹೊಡೆಯಬಾರದು, ತಂತಿಯಲ್ಲಿ ಕಟ್ಟಬೇಕು.

ಗೋಣಿಕೊಪ್ಪದ ಬಸ್ಸಿಳಿದಾಗ ಚುಬ್ರ ಕಾದಿದ್ದ,
ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ತಗಡುಗಳ ಕಟ್ಟು.
ಹಿಂದೆ ಅವನ ಮಗಳು ಲೀಲೆ, ಶನಿವಾರದ ಅರ್ಧ ದಿನ ಮುಗಿಸಿ
ಯೂನಿಫಾರಮ್ಮಿನಲ್ಲೇ ಬಂದವಳು.

ಮಾರ್ಚಿ. ಹೂಮಳೆ ಬಿದ್ದು ಎಂಟು ದಿನ.
ತೋಟದಿಂದಿಳಿವ ಕಾಫಿ ಹೂವಿನ ವಾಸನೆಗೆ
ನನ್ನ ಟರ್ಪೆಂಟೈನಿನ ಘಾಟೂ ಸೋತಿತು.
ಮಳೆಗಾಲದಲ್ಲಿ ಪೇಟೆಯವರನ್ನು ಕೂಗಿಸುವ ರಬ್ಬರು ದೋಣಿಗಳು
ದಡದ ಮೇಲೆ ಬೋರಲು ಬಿದ್ದಿದ್ದವು.
ಒಂದರಡಿ ಕೋಳಿ ಕಾವಿಗೆ ಕೂತಿತ್ತು.

ದಾರಿ ನಿಜಕ್ಕೂ ಸುಲಭ. ಸುಳ್ಳು ಹೇಳುವುದೇಕೆ.
ಎಡಕ್ಕೆ ಬಂಡೆ, ಬಲಕ್ಕೆ ನೀರು, ನಡುವೆ ಎರಡು ಪಾದದಗಲ ಮಣ್ಣು.
ಏಣಿ ಹತ್ತಿ ಹತ್ತಿ ಮುಷ್ಕರ ಹೂಡಿದ ನನ್ನ ಎಡ ಮಂಡಿ
ಇಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

ಹೊಳೆ ಇಳಿದಿತ್ತು. ಕಗ್ಗಲ್ಲ ಮೈತುಂಬ ಕುಳಿಗಳು,
ಒರಳಿನಷ್ಟು ದುಂಡಗೆ, ಒರಳಿನಷ್ಟು ನುಣ್ಣಗೆ.
ಲೀಲೆ ಒಂದರೊಳಗೆ ಮೊಣಕೈವರೆಗೆ ಕೈಯಿಳಿಸಿ
ಗೋಲಿಯಂಥ ಕಲ್ಲೊಂದನ್ನೆತ್ತಿ ತೋರಿಸಿದಳು: ‘ಇದೇ ಕೊರೆದದ್ದು.’
‘ಇಷ್ಟು ಚಿಕ್ಕದಾ?’ ಎಂದೆ.
‘ಮೊದಲು ದೊಡ್ಡದಿತ್ತು,’ ಎಂದಳು, ಕಂಡವಳ ಹಾಗೆ.
ಮತ್ತೆ ಅದನ್ನು ಅದರ ಗುಂಡಿಗೇ ಬಿಟ್ಟಳು.

ಮೂರನೆಯ ಬೋರ್ಡಿನ ಹತ್ತಿರ ತಲೆಯೆತ್ತಿದರೆ
ಎರಡಾಳೆತ್ತರದ ಕವಲಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ.
ಯಾರೂ ಇಟ್ಟದ್ದಲ್ಲ.
ಯಾವುದೋ ಕಕ್ಕಡದಲ್ಲಿ ನೀರು ಅಲ್ಲಿ ಕೂತು
ಎದ್ದುಹೋಗಿದೆ.

ಅಲ್ಲಿಂದ ಕಲ್ಲು ಎರಡೂ ಕಡೆಯಿಂದ ಹತ್ತಿರ ಬಂತು.
ಆಡಿದ ಮಾತನ್ನು ಎದುರು ದಂಡೆ ವಾಪಸು ಕೊಡುತ್ತಿತ್ತು,
ಸ್ವಲ್ಪ ತಡಮಾಡಿ, ಸ್ವಲ್ಪ ಕಡಿಮೆ ಮಾಡಿ, ಸಾಲ ತೀರಿಸುವವರ ಹಾಗೆ.
ನಾಳೆ ಇದೇ ನೀರು ಇರಿಟ್ಟಿಯ ಸೇತುವೆಯಡಿ,
ನನ್ನ ಚಿಕ್ಕಮ್ಮ ಬಟ್ಟೆ ಒಗೆವ ಮೆಟ್ಟಿಲ ಬಳಿ.
ನನಗಾದರೆ ಘಾಟಿ, ಚೆಕ್‌ಪೋಸ್ಟು, ಎರಡು ಬಸ್ಸು;
ಅದಕ್ಕೆ ಬರೀ ಇಳಿಜಾರು.

ನಾಲ್ಕನೆಯದಕ್ಕೆ ಟೇಪು ಹಿಡಿದು ಗುರುತು ಹಾಕಿದೆ.
ಚುಬ್ರ ಚಪ್ಪಲಿ ಬಿಟ್ಟ. ಬಾಯೊಳಗಿನ ಎಲೆಯಡಿಕೆ ಉಗಿದ.
‘ಇಲ್ಲಿ ಬೇಡ. ಆಚೆ.’
‘ಅಳತೆ ಇಲ್ಲೇ ಬರ್ತದೆ.’
‘ಆಚೆ,’ ಎಂದ, ನಡೆಯತೊಡಗಿದ.
ಲೀಲೆಯನ್ನು ನೋಡಿದೆ. ‘ಮಾಮ,’ ಎಂದಳು
ನೀರಿನತ್ತ ಗದ್ದ ಚಾಚಿ; ಆಮೇಲೆ
ಬಂಡೆಗಂಟಿದ ಏಡಿಯ ಖಾಲಿ ಚಿಪ್ಪು ತೋರಿಸಿದಳು.
ನಲವತ್ತೆರಡು ಹೆಜ್ಜೆ ಆಚೆ ಒಂದು ಹೊನ್ನೆಮರಕ್ಕೆ ತಂತಿ ಬಿಗಿದೆವು.
ಬಿಲ್ಲಿನಲ್ಲಿ ಅಳತೆ ಸರಿಯಾಗೇ ಇದೆ.

ಐದನೆಯದನ್ನು ಬರೆದು ಕುಂಚ ಒರೆಸುತ್ತಿದ್ದೆ,
ಬೆಳಕು ಕಂದುತ್ತಿತ್ತು. ಲೀಲೆ ಸೊಂಟಕ್ಕೆ ಕೈಯಿಟ್ಟು ಓದಿದಳು:
‘ಸು, ಲ, ಬ. ಹೊಟ್ಟೆ ಸೀಳಿಲ್ಲ ನೀವು.’
ಇಪ್ಪತ್ತಾರು ವರ್ಷ ಅಂಗಡಿ ಹಲಗೆ ಬರೆದವನು,
ವಿರಾಜಪೇಟೆಯ ಅರ್ಧ ಬೀದಿಯ ಮೂಲೆಯಲ್ಲಿ
‘ದಿವಾಕರನ್ ಆರ್ಟ್ಸ್’ ನಾನೇ.
ಬಾಯಲ್ಲಿ ಹೇಗೂ ಅದನ್ನು ಸೀಳುವುದಿಲ್ಲ ನಾವು.
‘ಉಳಿದ ನಾಲ್ಕೂ ಹಾಗೇ,’ ಎಂದಳು.
‘ಆಗಲೇ ಹೇಳ್ತಿದ್ದೆ. ಅಪ್ಪ ಸುಮ್ಮನಿರು ಅಂದ.’
ಚುಬ್ರ ಮೊದಲ ಸಲ ನಕ್ಕ.

ಒಂದು ಗೀಟು. ಅಡಿಯಲ್ಲಿ, ನೆಟ್ಟಗೆ, ಬರೀ ಒಂದು ಸಣ್ಣ ಗೀಟು.
ಅದಿಲ್ಲದೆ ಅಕ್ಷರದಲ್ಲಿ ಉಸಿರು ನಿಲ್ಲುವುದಿಲ್ಲ.
ಬಂಡೆಯ ಹೊಟ್ಟೆಗೆ ಹೊಳೆ ಎಳೆದದ್ದೂ ಅದನ್ನೇ,
ಎಷ್ಟು ಮಳೆಗಾಲ ಹಿಡಿಯಿತೋ.

ಹಿಂದಕ್ಕೆ ಹೊರಟೆವು, ಟಾರ್ಚು ಅವನ ಕೈಯಲ್ಲಿ, ಡಬ್ಬಿ ಅವಳ ಕೈಯಲ್ಲಿ,
ಒಂದೊಂದು ಬೋರ್ಡಿನ ಮುಂದೂ ನಿಂತು ಸೀಳುತ್ತ.
ಆ ಹೊನ್ನೆಮರದ ಹತ್ತಿರ ಅವನು ಬೆಳಕು ಹಿಡಿದ,
ಮುಖ ಮಾತ್ರ ಬೇರೆ ಕಡೆಗೆ.
ನನ್ನ ಕೈ ನಡುಗಿ ಗೀಟು ಸ್ವಲ್ಪ ಉದ್ದವಾಯಿತು.
ಹಾಗೇ ಬಿಟ್ಟಿದ್ದೇನೆ.