ಬ್ರಶ್ಶಿನ ಲೆಕ್ಕ

ಜೂನಿನಲ್ಲಿ ಹಂಚಿದ್ದು ನಲವತ್ತಮೂರು.
ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ.
ಈಗ ನವೆಂಬರು, ಕೊನೆಯ ಕಾಲಂ ಇನ್ನೂ ಖಾಲಿ:
ಬಳಕೆಯಲ್ಲಿದೆಯೇ? ಹೌದು / ಇಲ್ಲ.

ತದಡಿಯ ಧಕ್ಕೆಯಲ್ಲಿ ದೋಣಿ ಹತ್ತಿ
ಅಘನಾಶಿನಿಯ ದಡಕ್ಕೆ ಹೊರಟೆ.
ಮಡಿಲಲ್ಲಿ ಪ್ಲಾಸ್ಟರಿನ ದವಡೆ,
ಮೊಣಕೈಯುದ್ದದ ಹಳದಿ ಬ್ರಶ್ಶು.
ಪಕ್ಕದ ಮುದುಕಿ ದವಡೆಯನ್ನೊಮ್ಮೆ ಮುಟ್ಟಿ
"ಯಾರದ್ದೇ ತಂಗಿ? ಚಲೋ ಅದೆ" ಎಂದಳು.
ಯಾರದೂ ಅಲ್ಲ. ಅದಕ್ಕೇ ಚಲೋ ಇದೆ.

ಮೊದಲ ಮನೆಯಲ್ಲಿ ಬ್ರಶ್ಶು ಬಾಚಣಿಗೆ ತೊಳೆಯುತ್ತಿತ್ತು.
ಎರಡನೆಯದರಲ್ಲಿ ಟ್ರಂಕಿನೊಳಗೆ, ಕವರೂ ಹರಿಯದೆ,
ಹೊನ್ನಾವರದ ನೆಂಟರು ಬಂದರೆ ಇರಲೆಂದು.
ಮೂರನೆಯದರಲ್ಲಿ ಗೋಡೆಯ ಮೊಳೆಗೆ ಒಂದೇ ಒಂದು,
ನಾಲ್ಕು ಮಕ್ಕಳಿಗೆ. ಸರದಿ ದೊಡ್ಡವನಿಂದ.
ಸಣ್ಣವಳಿಗೆ ದಕ್ಕುವಾಗ ಅದು
ಬೇಲಿಗೆ ಸಿಕ್ಕಿಕೊಂಡ ಕೋಳಿಪುಕ್ಕ.

ಜಟ್ಟಪ್ಪ ಅಂಬಿಗರ ಅಂಗಳದಲ್ಲಿ
ದೋಣಿಯ ಮೋಟರು ಬಿಚ್ಚಿ ಹರಡಿತ್ತು.
ನಾನು ಕೊಟ್ಟ ನೀಲಿ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ
ಸ್ಪಾರ್ಕ್ ಪ್ಲಗ್ಗು ಉಜ್ಜುತ್ತಿದ್ದರು, ಮೆಲ್ಲಗೆ,
ಒಳಗೆ, ಹೊರಗೆ, ಸುತ್ತ,
ಶಾಲೆಯಲ್ಲಿ ನಾನು ತೋರಿಸಿದ ಹಾಗೆಯೇ.

ಬಯ್ಯಲೆಂದು ಬಾಯಿ ತೆರೆದೆ.
"ತಿಕ್ಕದೇ ಬಿಟ್ರೆ ಕರಿ ಕಟ್ತದೆ ಅಕ್ಕೋರೆ,
ನಡುನೀರಲ್ಲಿ ಕೈಕೊಡ್ತದೆ" ಎಂದು ನಕ್ಕರು.
ನಕ್ಕಾಗ ಕಂಡಿತು: ಮೇಲೆ ಎರಡು, ಕೆಳಗೆ ಮೂರು.
ಉಳಿದವು ಕುಮಟೆಯ ಆಸ್ಪತ್ರೆಯಲ್ಲಿ ಉಳಿದವು,
ಒಂದೊಂದಕ್ಕೂ ಒಂದೊಂದು ದಿನದ ದುಡಿಮೆ ತಪ್ಪಿಸಿ.
ಕೊನೆಯದನ್ನು ಬಲೆಯ ನೈಲಾನು ಕಟ್ಟಿ
ತಾವೇ ಎಳೆದುಕೊಂಡರಂತೆ.

ಮಗಳು ಮಾನಸಿ, ಎರಡನೆಯ ಇಯತ್ತೆ,
ಕಂಬಕ್ಕೆ ಒರಗಿ ನಿಂತಿದ್ದಾಳೆ.
ಒಂದು ಕೆನ್ನೆ ಊದಿದೆ.
ಅವಳ ಆಯಿ ಇಳಿತದ ಹೊತ್ತಿಗೆ ಬೆಳಚು ಹೆಕ್ಕಲು ಹೋಗುತ್ತಾಳೆ.
ಇಳಿತ ಗಡಿಯಾರ ನೋಡುವುದಿಲ್ಲ,
ಒಂದು ದಿನ ನಸುಕು, ಒಂದು ದಿನ ಉರಿಬಿಸಿಲು.
ಹೋಗುವ ಮುಂಚೆ ಅಂಗೈಗೆ ಎರಡು ಪೆಪ್ಪರಮಿಂಟು.
ಎರಡು ರೂಪಾಯಿಗೆ ಮೂರು ತಾಸು
ಮಗುವನ್ನು ಸುಮ್ಮನಿರಿಸುವ ಬೇರೆ ಏನು ಸಿಗುತ್ತದೆ
ಈ ಊರಲ್ಲಿ, ನೀವೇ ಹೇಳಿ.
ನನ್ನ ಚಾರ್ಟಿನಲ್ಲಿ ಹಲ್ಲು ಕೊರೆಯುವ ಹುಳುವಿದೆ,
ಕೊಂಬು, ಕೈಯಲ್ಲಿ ಗುದ್ದಲಿ.
ಆ ಹುಳುವಿಗೆ ಯಾರ ಮುಖ ಬರೆಯಲಿ?

ಅಂಗಳದ ಮೂಲೆಯಲ್ಲಿ ಆಳೆತ್ತರ ಚಿಪ್ಪಿನ ರಾಶಿ.
ಚಿಪ್ಪು ಸುಣ್ಣಕ್ಕೆ, ಸುಣ್ಣ ಕವಳಕ್ಕೆ, ಕವಳ ಬಾಯಿಗೆ.
ಇಷ್ಟೊಂದು ಬಿಳುಪು
ಈ ಮನೆಯ ಹೊಸ್ತಿಲಲ್ಲೇ ಬಿದ್ದಿದೆ.

ಚಾರ್ಟು ಬಿಡಿಸಲಿಲ್ಲ, ದವಡೆಯನ್ನೂ ತೆಗೆಯಲಿಲ್ಲ.
ತಿಕ್ಕಿದ ಪ್ಲಗ್ಗನ್ನು ಮಾನಸಿಯ ಕೈಗಿಟ್ಟೆ.
ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ,
"ಇದ್ಕೂ ಪೆಪ್ಪರಮಿಂಟು ಕೊಡ್ತಿದ್ಯ ಅಪ್ಪ?" ಎಂದಳು.

ಯಾರೂ ನಗಲಿಲ್ಲ. ಅಲ್ಲ, ಅವಳ ಆಯಿ ನಕ್ಕಳು,
ಆಗಷ್ಟೇ ಬಂದು ಬುಟ್ಟಿ ಇಳಿಸುತ್ತಿದ್ದವಳು,
ನಕ್ಕು, ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕುಮಟೆಗೆ ಚೀಟಿ ಬರೆದುಕೊಟ್ಟೆ, ಕೆನ್ನೆಗಾಗಿ.
ಹೊಸ ಬ್ರಶ್ಶು ಎರಡು: ಹಸಿರು ಮಗುವಿಗೆ, ಕೆಂಪು ಮೋಟರಿಗೆ.
ಮೋಟರಿಗೆ ಕೊಟ್ಟದ್ದನ್ನು ಬರೆಯಲು ಕಾಲಂ ಇಲ್ಲ.
ಸಿಹಿ ತಿಂದ ಮೇಲೆ ಒಂದು ಲೋಟ ನೀರಲ್ಲಿ ಮುಕ್ಕಳಿಸು,
ಅದಕ್ಕೇನೂ ದುಡ್ಡಿಲ್ಲ, ಎಂದೆ.
ಹೇಳುವಾಗಲೇ ಕಂಡಿತು, ಬಾಗಿಲ ಬಳಿ ಸಾಲು ಕೊಡಗಳು.
ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು, ಬಾವಿಯೆಲ್ಲ ಉಪ್ಪು.
"ಉಪ್ಪುನೀರು ಆದೀತಾ?" ಆಯಿ ಕೇಳಿದಳು.
"ಆದೀತು."
"ಅದಾದ್ರೆ ಬೇಕಾದಷ್ಟದೆ."

ಮರಳುವಾಗ ಭರತ. ದೋಣಿ ಓಲಾಡುತ್ತಿತ್ತು,
ಮೊಣಕಾಲ ಮೇಲೆ ರಿಜಿಸ್ಟರು.
ನಲವತ್ತಮೂರರಲ್ಲಿ ಮೂವತ್ತೊಂದು: ಹೌದು.
ಯಾವುದಕ್ಕೆ ಎಂದು ಯಾರೂ ಕೇಳಿಲ್ಲ.

ತಲೆಯೆತ್ತಿದೆ. ದಡದ ಕಲ್ಲಿನ ಮೇಲೆ ಮಾನಸಿ,
ಕೈಯಲ್ಲಿ ಸ್ಟೀಲಿನ ಲೋಟ,
ಹೊಳೆಗೆ ಬಾಗಿ ಉಗುಳಿದಳು,
ನನಗೆ ಕಾಣಲೆಂದೇ,
ಮೂರು ಸಲ.